ಬೇರೆ ಬೆಟ್ಟದ ಹಾಡಿಗೆ ಈ ಹಕ್ಕಿ ಯಾಕೆ ತಿರುಗಿ ನೋಡಲಿಲ್ಲ?

ಎಲೆಮರೆ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಮೂರ್ನಾಲ್ಕು ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲೇ ಕೇಳಿಬಿಡೋಣ ಅಂತ ಬಂದೆ.

ಹೋದ ವಾರ ಬೆಳಿಗ್ಗೆ ಕಾಡಿನ ಅಂಚಿನಲ್ಲಿ ಒಂದು ಗಂಡು ಹಕ್ಕಿ ಹಾಡುತ್ತಿತ್ತು. ಕತ್ತು ಮೇಲೆತ್ತಿ, ಗಂಟಲು ಉಬ್ಬಿಸಿ, ಬಿಡದೆ ಹಾಡು. ಅದೇ ಪ್ರಭೇದದ ಹಾಡೊಂದು ನನ್ನ ಫೋನಿನಲ್ಲೂ ಇತ್ತು. ಅದು ತುಂಬಾ ದೂರದ ಇನ್ನೊಂದು ಬೆಟ್ಟಸಾಲಿನಲ್ಲಿ ರೆಕಾರ್ಡ್ ಮಾಡಿದ್ದು. ಸಣ್ಣ ದನಿಯಲ್ಲಿ ಒಂದೇ ಸಲ ಹಾಕಿದೆ. ಹಕ್ಕಿ ತಿರುಗಿಯೂ ನೋಡಲಿಲ್ಲ. ರೆಕ್ಕೆ ಎತ್ತಿ ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತ ಕೂತಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮರದಿಂದ ನಿಜವಾದ ಇನ್ನೊಂದು ಗಂಡು ಎರಡೇ ಎರಡು ಸ್ವರ ಹಾಡಿತು. ಅಷ್ಟೇ ಸಾಕಾಯ್ತು. ಇದು ಗರಿ ತೀಡುವುದನ್ನು ಅರ್ಧಕ್ಕೇ ಬಿಟ್ಟು ಬಾಣದ ಹಾಗೆ ಅತ್ತ ಹಾರಿತು.

ಪುಸ್ತಕದಲ್ಲಿ ಎರಡು ಬೆಟ್ಟದವೂ ಒಂದೇ ಪ್ರಭೇದ. ಆದರೆ ಆ ಹಕ್ಕಿಯ ಪಾಲಿಗೆ ಫೋನಿನ ಹಾಡು ತನ್ನವರದ್ದು ಅನ್ನಿಸಲೇ ಇಲ್ಲ. ಇವನ್ನು ಬೇರೆ ಮಾಡಿದ್ದು ನಡುವಿನ ದೂರವಾ, ಇಲ್ಲಾ ಹೆಣ್ಣುಗಳು ಸಂಗಾತಿಯನ್ನು ಆರಿಸಿಕೊಳ್ಳುವ ರೀತಿಯಾ? ತಿಳಿದವರು ದಯವಿಟ್ಟು ಹೇಳಿ.

ಗರಿಪೆಟ್ಟಿಗೆ

ಒಳ್ಳೆ ಪ್ರಶ್ನೆ. ಉತ್ತರಕ್ಕೆ ಮೊದಲು ಒಂದು ಎಚ್ಚರಿಕೆ. ಒಂದು ಹಕ್ಕಿ, ಒಂದು ಸಲ, ಒಂದು ಹಾಡು. ಇದರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಫೋನಿನ ಸ್ಪೀಕರ್ ದನಿ ಹಕ್ಕಿಗೆ ಸರಿಯಾಗಿ ಕೇಳಿಸದೇ ಇರಬಹುದು. ಸಂಶೋಧಕರು ಇದೇ ಪ್ರಯೋಗ ಮಾಡುವಾಗ ಹೋಲಿಕೆಗೆ ಅಂತ ಅದೇ ಜಾಗದ ಹಾಡನ್ನೂ ಅದೇ ಸ್ಪೀಕರಿನಲ್ಲಿ ಹಾಕುತ್ತಾರೆ. ಬೇರೆ ಬೇರೆ ಗಂಡುಗಳ ಮುಂದೆ, ಬೇರೆ ಬೇರೆ ರೆಕಾರ್ಡಿಂಗ್ ಬಳಸಿ, ಎಷ್ಟು ಬೇಗ ಬಂತು, ಎಷ್ಟು ಹತ್ತಿರ ಬಂತು ಅಂತ ಬರೆದಿಡುತ್ತಾರೆ.

ಹಾಗಂತ ನೀವು ನೋಡಿದ್ದು ಸುಳ್ಳಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಬೆಂಜಮಿನ್ ಫ್ರೀಮನ್ ಮತ್ತು ಗ್ರಹಾಂ ಮಾಂಟ್‌ಗೊಮರಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದರು. ಒಂದಕ್ಕೊಂದು ಹತ್ತಿರದ ನಂಟಿರುವ, ಆದರೆ ಬೇರೆ ಬೇರೆ ಜಾಗದಲ್ಲಿ ಬದುಕುವ 72 ಜೋಡಿ ಹಕ್ಕಿ ಗುಂಪುಗಳು. ಅದರಲ್ಲಿ 21 ಜೋಡಿಗಳಲ್ಲಿ ಹಕ್ಕಿಗಳು ಆ ಕಡೆಯವರ ಹಾಡನ್ನು ಹೆಚ್ಚುಕಡಿಮೆ ಕಿವಿಗೇ ಹಾಕಿಕೊಳ್ಳಲಿಲ್ಲ. ನಿಮ್ಮ ಹಕ್ಕಿ ಗರಿ ತೀಡಿಕೊಳ್ಳುತ್ತ ಕೂತಿತಲ್ಲ, ಹಾಗೆ.

ದುರ್ಬೀನು

ಎಲೆಮರೆ ಅವರೇ, ಬೇಜಾರು ಮಾಡ್ಕೋಬೇಡಿ, ಆದರೆ ಇದು ಮರಿ ಮಾಡುವ ಕಾಲ. ಈಗ ದಯವಿಟ್ಟು ಹಾಡು ಹಾಕಬೇಡಿ. ಇನ್ನೊಂದು ಗಂಡು ಬಂತು ಅಂದುಕೊಂಡು ಅದು ಮೇವು ಬಿಟ್ಟು, ಗೂಡು ಬಿಟ್ಟು ಹುಡುಕಾಡುತ್ತದೆ. ಒಬ್ಬರು ಒಂದು ಸಲ ಹಾಕಿದರೆ ದೊಡ್ಡದಲ್ಲ. ಆದರೆ ಅದೇ ಜಾಗಕ್ಕೆ ದಿನಾ ಹತ್ತು ಜನ ಬರುತ್ತಾರೆ ಅಲ್ವಾ.

ಎಲೆಮರೆ

ಒಪ್ಪಿದೆ ಸರ್. ಆ ಯೋಚನೆಯೇ ಬರಲಿಲ್ಲ, ತಪ್ಪಾಯ್ತು. ಇನ್ನು ಹಾಕುವುದಿಲ್ಲ.

ಬಯಾಲಜಿ ಮೇಷ್ಟ್ರು

ದೂರದಿಂದಲೇ ಶುರು ಮಾಡೋಣ. ಒಂದು ಗುಂಪು ಎರಡಾಗಿ ಒಡೆದು ನಡುವೆ ಓಡಾಟ ನಿಂತರೆ, ಆಮೇಲೆ ಎರಡೂ ಕಡೆ ಆಗುವ ಬದಲಾವಣೆ ಬೆರೆಯುವುದಿಲ್ಲ. ಅದಕ್ಕೆ ಹವಾಮಾನ ಬೇರೆ ಇರಬೇಕು, ಆಹಾರ ಬೇರೆ ಇರಬೇಕು ಅಂತೇನೂ ಇಲ್ಲ. ಸುಮ್ನೆ ಬಿಟ್ಟರೂ ಬೇರೆಯಾಗುತ್ತವೆ. ಹಾಡಿನಲ್ಲಂತೂ ಇದು ಬಹಳ ಬೇಗ ಆಗುತ್ತದೆ. ಹಾಡುಹಕ್ಕಿಗಳು ಹಾಡನ್ನು ಹುಟ್ಟಿನಿಂದ ತರುವುದಿಲ್ಲ, ದೊಡ್ಡವರಿಂದ ಕೇಳಿ ಕಲಿಯುತ್ತವೆ. ಕಲಿಯುವಾಗ ತಪ್ಪಾಗುತ್ತದೆ. ಆ ತಪ್ಪನ್ನೇ ಮುಂದಿನ ಮರಿ ಸರಿ ಅಂದುಕೊಂಡು ಕಲಿಯುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ನ್ಯೂಜಿಲೆಂಡಿನ ಸ್ಯಾಡಲ್‌ಬ್ಯಾಕ್. ಕಪ್ಪು ಹಕ್ಕಿ, ಬೆನ್ನ ಮೇಲೆ ಕುದುರೆಗೆ ಹಾಕುವಂಥ ಕಂದು ಜೀನು ಹಾಕಿದ ಹಾಗೆ ಕಾಣುತ್ತದೆ. ಹಡಗಿನಲ್ಲಿ ಬಂದ ಇಲಿ, ಬೆಕ್ಕುಗಳಿಂದಾಗಿ ಉತ್ತರ ದ್ವೀಪದ ಸ್ಯಾಡಲ್‌ಬ್ಯಾಕ್ 20ನೇ ಶತಮಾನದ ಹೊತ್ತಿಗೆ ಹೆನ್ ಅನ್ನುವ ಒಂದೇ ಸಣ್ಣ ದ್ವೀಪದಲ್ಲಿ ಉಳಿದಿತ್ತು. 1964ರಿಂದ ಅಲ್ಲಿನ ಕೆಲವು ಹಕ್ಕಿಗಳನ್ನು ಹಿಡಿದು ಬೇರೆ ದ್ವೀಪಗಳಿಗೆ ಬಿಡುತ್ತ ಬಂದರು. ಎಲ್ಲವೂ ಒಂದೇ ಊರಿನ ಮೂಲದವು. ಆದರೂ 50 ವರ್ಷ ತುಂಬುವುದರೊಳಗೆ ದ್ವೀಪದಿಂದ ದ್ವೀಪಕ್ಕೆ ಹಾಡು ಬೇರೆಯಾಗಿತ್ತು. ಹೊಸ ಜಾಗಕ್ಕೆ ಹೋದ ನಾಲ್ಕಾರು ಹಕ್ಕಿಗೆ ಯಾವ ಹಾಡು ಗೊತ್ತಿತ್ತೋ ಅದೇ ಆ ದ್ವೀಪದ ಹಾಡಾಯ್ತು. ಉಳಿದದ್ದು ಅಲ್ಲಿಗೆ ಹೋಗಲೇ ಇಲ್ಲ.

ಇಲ್ಲಿ ಯಾರೂ ಯಾವ ಹಾಡು ಚೆಂದ ಅಂತ ಆರಿಸಿದ್ದಲ್ಲ. ಬೇರ್ಪಡಿಕೆ ಒಂದೇ ಇಷ್ಟು ಕೆಲಸ ಮಾಡಿತು.

ಹೊಸಕಲಿಕೆ

ಮೇಷ್ಟ್ರೇ, ಒಂದು ಸಂದೇಹ. ದ್ವೀಪ, ಬೆಟ್ಟ ಅಂತೆಲ್ಲ ಹೇಳುತ್ತೀರಿ. ಹಕ್ಕಿಗೆ ರೆಕ್ಕೆ ಇದೆಯಲ್ಲ? ಖಂಡ ದಾಟಿ ವಲಸೆ ಹೋಗುವ ಜೀವಕ್ಕೆ ಒಂದು ಕಣಿವೆ, ಒಂದು ಹೊಳೆ ಯಾವ ಲೆಕ್ಕ?

ಗರಿಪೆಟ್ಟಿಗೆ

ಎಲ್ಲ ಹಕ್ಕಿಯೂ ವಲಸೆ ಹಕ್ಕಿ ಅಲ್ಲ. ಪನಾಮಾದ ಗಾಟುನ್ ಕೆರೆಯಲ್ಲಿ ಮಾಡಿದ ಒಂದು ಪ್ರಯೋಗ ಕೇಳಿ. 2008ರಲ್ಲಿ ಪ್ರಕಟವಾಯಿತು. ಕಾಡಿನ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ದೋಣಿಯಲ್ಲಿ ಕೆರೆಯ ಮೇಲೆ ಒಯ್ದು, ದಡದಿಂದ ಇಷ್ಟು ದೂರ ಅಂತ ಅಳೆದು ಬಿಟ್ಟರು. ಕೆಲವು ಆರಾಮಾಗಿ ದಡ ಸೇರಿದವು. ಇನ್ನು ಕೆಲವು ಪ್ರಭೇದಗಳಿಗೆ 100 ಮೀಟರ್ ದಾಟುವುದೂ ಆಗಲಿಲ್ಲ. ಕಾಡಿನ ನೆಲದ ಹತ್ತಿರ, ನೆರಳಲ್ಲಿ, ಕೊಂಬೆಯಿಂದ ಕೊಂಬೆಗೆ ಹಾರಿಕೊಂಡೇ ಬದುಕುವ ಹಕ್ಕಿಗಳು ಅವು. ಅವಕ್ಕೆ ಬಯಲು ಅಂದರೆ ಸಮುದ್ರ ಇದ್ದ ಹಾಗೆ.

ಇನ್ನೊಂದು ಸಂಗತಿ ನನಗೆ ಇನ್ನೂ ಬೆರಗು. ಬೆಳ್ಗಣ್ಣ ಹಕ್ಕಿಗಳು ಒಳ್ಳೆ ಹಾರಾಟಗಾರರು, ಸಮುದ್ರ ದಾಟಿ ದೂರದೂರದ ದ್ವೀಪ ಸೇರಿವೆ. ಆದರೆ ಸಾಲೊಮನ್ ದ್ವೀಪಗಳಲ್ಲಿ ಗಿಜೊ, ರಾನೊಂಗಾ, ವೆಲ್ಲಾ ಲವೆಲ್ಲಾ ಅಂತ ಮೂರು ದ್ವೀಪ ಇವೆ. ನಡುವೆ ಇರುವುದು ಕೆಲವೇ ಕಿಲೋಮೀಟರ್ ನೀರು. ಮೂರರಲ್ಲೂ ಬೇರೆ ಬೇರೆ ಬೆಳ್ಗಣ್ಣ. ಅಷ್ಟು ದೂರ ಹಾರಿ ಬಂದ ವಂಶ, ನೆಲೆ ಸಿಕ್ಕ ಮೇಲೆ ಪಕ್ಕದ ದ್ವೀಪಕ್ಕೂ ಹೋಗದೆ ಕೂತಿದೆ. ಹಾಗಾಗಿ ಹಾರಲು ಆಗುತ್ತದಾ ಅನ್ನುವುದಕ್ಕಿಂತ, ಹಾರಲು ಮನಸ್ಸಿದೆಯಾ ಅಂತ ಕೇಳುವುದು ಜಾಸ್ತಿ ಸರಿ.

ಮುಂಜಾವು

ಸಂಗಾತಿ ಆಯ್ಕೆಯ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಹಾಡು ಸುಮ್ನೆ ಬದಲಾದರೆ ಅದೊಂದು ಆಡುಮಾತಿನ ವ್ಯತ್ಯಾಸ ಇದ್ದ ಹಾಗೆ, ಅಷ್ಟೇ. ಆ ಹಾಡನ್ನು ಕೇಳಿ ಹೆಣ್ಣು ಹತ್ತಿರ ಬರುವುದೋ ಬಿಡುವುದೋ ಅಂತ ತೀರ್ಮಾನ ಮಾಡುತ್ತಾಳೆ ನೋಡಿ, ಅಲ್ಲಿ ಅದು ವಂಶದ ಪ್ರಶ್ನೆ ಆಗುತ್ತದೆ.

ಡಾರ್ವಿನ್ ಇದನ್ನು 1871ರಲ್ಲೇ ವಿವರವಾಗಿ ಬರೆದರು. ಆದರೆ ಹೆಣ್ಣು ಹಕ್ಕಿಗೆ ನಿಜವಾಗಿ ಅಷ್ಟು ಆಯ್ಕೆ ಇದೆಯಾ ಅಂತ ಜನ ನೂರು ವರ್ಷ ಅನುಮಾನಪಟ್ಟರು. ಅದನ್ನು ಕಾಡಿನಲ್ಲೇ ತೋರಿಸಿಕೊಟ್ಟವರು ಸ್ವೀಡನ್ನಿನ ಮಾಲ್ಟೆ ಆಂಡರ್ಸನ್, 1982ರಲ್ಲಿ. ಕೀನ್ಯಾದ ಹುಲ್ಲುಗಾವಲಿನಲ್ಲಿ ಉದ್ದ ಬಾಲದ ವಿಡೋಬರ್ಡ್ ಇದೆ. ಗಂಡಿನ ಮೈ ಕಪ್ಪು, ಹೆಗಲಲ್ಲಿ ಕೆಂಪು, ಬಾಲ ಸುಮಾರು ಅರ್ಧ ಮೀಟರ್. ಹಾರುವಾಗ ಕಪ್ಪು ರಿಬ್ಬನ್ ತೂಗಿಬಿಟ್ಟ ಹಾಗೆ. ಆಂಡರ್ಸನ್ ಕೆಲವು ಗಂಡುಗಳ ಬಾಲವನ್ನು ಸುಮಾರು 14 ಸೆಂ.ಮೀ.ಗೆ ಕತ್ತರಿಸಿದರು. ಕತ್ತರಿಸಿದ ಗರಿಯನ್ನು ಬೇರೆ ಗಂಡುಗಳ ಬಾಲಕ್ಕೆ ಅಂಟಿನಿಂದ ಅಂಟಿಸಿ, ಇದ್ದದ್ದಕ್ಕಿಂತ ಸುಮಾರು 25 ಸೆಂ.ಮೀ. ಹೆಚ್ಚು ಉದ್ದ ಮಾಡಿದರು. ಮೂರನೇ ಗುಂಪಿನದ್ದು ಕತ್ತರಿಸಿ ಮತ್ತೆ ಅದನ್ನೇ ಅಂಟಿಸಿದರು. ಕತ್ತರಿ, ಅಂಟು ಇವುಗಳಿಂದಲೇ ಏನಾದರೂ ಆಗಿದ್ದರೆ ಗೊತ್ತಾಗಲಿ ಅಂತ. ಆಮೇಲೆ ಪ್ರತಿ ಗಂಡಿನ ಜಾಗದಲ್ಲಿ ಎಷ್ಟು ಹೊಸ ಗೂಡು ಬಂತು ಅಂತ ಹುಲ್ಲಿನೊಳಗೆ ಹುಡುಕಿ ಎಣಿಸಿದರು. ಜಾಸ್ತಿ ಗೂಡು ಬಂದದ್ದು ಉದ್ದ ಮಾಡಿದ ಬಾಲದವಕ್ಕೆ. ಅಷ್ಟು ಉದ್ದದ ಬಾಲ ಆ ಹೆಣ್ಣುಗಳು ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ!

ಇದರ ಹಿಂದಿನ ಲೆಕ್ಕ ವಿಜ್ಞಾನಿ ರೊನಾಲ್ಡ್ ಫಿಶರ್ ಅವರದ್ದು. ಉದ್ದ ಬಾಲ ಇಷ್ಟಪಡುವ ತಾಯಿಗೆ ಉದ್ದ ಬಾಲದ ಗಂಡುಮಕ್ಕಳು ಹುಟ್ಟುತ್ತಾರೆ, ಉದ್ದ ಬಾಲ ಇಷ್ಟಪಡುವ ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ಬಾಲವೂ ಆ ಇಷ್ಟವೂ ಒಂದೇ ಮನೆಯಲ್ಲಿ ಬೆಳೆಯುತ್ತವೆ. ಒಂದು ಇನ್ನೊಂದನ್ನು ಮುಂದೆ ತಳ್ಳುತ್ತ ಹೋಗುತ್ತದೆ.

ಹೊಸಕಲಿಕೆ

ಚೆನ್ನಾಗಿ ಅರ್ಥವಾಯ್ತು ಮೇಡಂ. ಆದರೆ ಎರಡು ಬೆಟ್ಟದ ಹೆಣ್ಣುಗಳ ಇಷ್ಟ ಬೇರೆ ದಿಕ್ಕಿಗೆ ಯಾಕೆ ಹೋಗಬೇಕು? ಎರಡೂ ಕಡೆ ಉದ್ದ ಬಾಲವೇ ಗೆಲ್ಲಬಹುದಿತ್ತಲ್ಲ?

ಬಯಾಲಜಿ ಮೇಷ್ಟ್ರು

ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ. ರಸೆಲ್ ಲ್ಯಾಂಡೆ 1981ರಲ್ಲಿ ಗಣಿತದಿಂದ ಇದಕ್ಕೆ ಉತ್ತರ ಕೊಟ್ಟರು. ಫಿಶರ್ ಹೇಳಿದ ಹಾಗೆ ಬಾಲವೂ ಇಷ್ಟವೂ ಜೊತೆಯಾಗಿ ಓಡುವಾಗ ಅವು ನಿಲ್ಲಬಹುದಾದ ಜಾಗ ಒಂದೇ ಅಲ್ಲ, ಬೇಕಾದಷ್ಟಿವೆ. ಎಲ್ಲಿ ನಿಲ್ಲುತ್ತವೆ ಅನ್ನುವುದು ಶುರುವಿನ ಸಣ್ಣ ಆಕಸ್ಮಿಕದ ಮೇಲೆ ನಿಂತಿದೆ. ಹಾಗಾಗಿ ಎರಡು ಕಡೆ ಮಳೆ, ಗಿಡ, ಹುಳ ಎಲ್ಲ ಒಂದೇ ಇದ್ದರೂ ಎರಡು ಗುಂಪು ಬೇರೆ ಬೇರೆ ಕಡೆ ಹೋಗಿ ನಿಲ್ಲಬಹುದು. ಬೇರ್ಪಡಿಕೆ ಎರಡು ಆಟಗಳನ್ನು ಬೇರೆ ಬೇರೆ ಅಂಗಳದಲ್ಲಿ ಶುರು ಮಾಡಿಸುತ್ತದೆ. ಒಂದೇ ಅಂಗಳದಲ್ಲಿ ಆಡಿದ್ದರೆ ಬೆರೆತು ಒಂದಾಗುತ್ತಿತ್ತು.

ಕಣ್ಣಿಗೆ ಕಾಣುವ ಉದಾಹರಣೆ ಬೇಕಾದರೆ ಬಾರ್ನ್ ಸ್ವಾಲೋ ನೋಡಿ. ಕವಲು ಬಾಲದ, ಗಾಳಿಯಲ್ಲೇ ಹುಳ ಹಿಡಿಯುವ ಹಕ್ಕಿ. ಪ್ರಪಂಚದ ಬಹುಭಾಗದಲ್ಲಿ ಇದೆ, ಒಂದೇ ಪ್ರಭೇದ. ಯುರೋಪಿನಲ್ಲಿ ಉದ್ದ ಬಾಲದ ಗಂಡಿಗೆ ಬೇಡಿಕೆ. ಉತ್ತರ ಅಮೆರಿಕದಲ್ಲಿ ಬಾಲಕ್ಕಿಂತ ಎದೆ, ಹೊಟ್ಟೆಯ ಕಂದುಗೆಂಪು ಬಣ್ಣ ಎಷ್ಟು ಗಾಢ ಅನ್ನುವುದೇ ಮುಖ್ಯ. ಹಕ್ಕಿ ಅದೇ, ಗೂಡೂ ಅದೇ ಥರದ ಮಣ್ಣಿನ ಗೂಡು. ಹೆಣ್ಣಿನ ಕಣ್ಣು ಮಾತ್ರ ಬೇರೆ ಕಡೆ ನೋಡುತ್ತಿದೆ.

ಇನ್ನೊಂದು, ಬದಲಾವಣೆ ಯಾವಾಗಲೂ ಅಲಂಕಾರ ಹೆಚ್ಚಿಸುವ ಕಡೆಗೇ ಇರಬೇಕಿಲ್ಲ. ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿದ್ದ ಜಂಕೋ ಹಕ್ಕಿಗಳಲ್ಲಿ ಕೆಲವು 1980ರ ದಶಕದಲ್ಲಿ ಕರಾವಳಿಗೆ ಇಳಿದು, ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ಉಳಿದುಬಿಟ್ಟವು. ಈ ಹಕ್ಕಿ ಹೆಣ್ಣನ್ನು ಒಲಿಸುವಾಗ ಬಾಲ ಬಿಚ್ಚಿ ಬಿಳಿ ಗರಿ ತೋರಿಸುತ್ತದೆ. ಪಮೇಲಾ ಯೇ 2004ರಲ್ಲಿ ಅಳೆದಾಗ ಕ್ಯಾಂಪಸ್ ಹಕ್ಕಿಗಳ ಬಾಲದ ಬಿಳುಪು ಸುಮಾರು 22% ಕಡಿಮೆಯಾಗಿತ್ತು. ಕರಾವಳಿಯಲ್ಲಿ ಮರಿ ಮಾಡುವ ಕಾಲ ಉದ್ದ. ಅಲ್ಲಿ ತೋರಿಸಿಕೊಳ್ಳುವುದಕ್ಕಿಂತ ಮರಿ ನೋಡಿಕೊಳ್ಳುವ ಗಂಡಿಗೆ ಲಾಭ ಜಾಸ್ತಿ ಅಂತ ಅವರು ವಿವರಿಸಿದರು. ಇಷ್ಟೆಲ್ಲ ಆದದ್ದು ಸುಮಾರು ಎರಡು ದಶಕದಲ್ಲಿ.

ಕಡಲಹಾದಿ

ಸಾಲೊಮನ್ ದ್ವೀಪದ ಹೆಸರು ಬಂತಲ್ಲ, ಅಲ್ಲಿಯದ್ದೇ ಇನ್ನೊಂದು ಕಥೆ ಹೇಳದೆ ಇರಲಾಗುತ್ತಿಲ್ಲ. ಎಲೆಮರೆ ಅವರ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಗೊತ್ತಿಲ್ಲ.

ಮಕೀರಾ ಅನ್ನುವ ದೊಡ್ಡ ದ್ವೀಪದಲ್ಲಿ ಮೊನಾರ್ಕ್ ಅನ್ನುವ ನೊಣಹಿಡುಕ ಹಕ್ಕಿ ಇದೆ. ಬೆನ್ನು ಕಪ್ಪು, ಹೊಟ್ಟೆ ಕಂದುಗೆಂಪು. ಪಕ್ಕದಲ್ಲಿ ಸಾಂತಾ ಆನಾ, ಸಾಂತಾ ಕ್ಯಾಟಲಿನಾ ಅಂತ ಪುಟ್ಟ ದ್ವೀಪಗಳು. ಅಲ್ಲಿ ಅದೇ ಹಕ್ಕಿ, ಆದರೆ ಅಡಿಯಿಂದ ಮುಡಿವರೆಗೆ ಕಪ್ಪು. ಆಲ್ಬರ್ಟ್ ಊಯ್ ಮತ್ತು ಜೊತೆಯವರು ಹೋಗಿ, ಸತ್ತ ಮೇಲೆ ತುಂಬಿ ಒಣಗಿಸಿದ ಹಕ್ಕಿಯನ್ನು ಕೊಂಬೆಯ ಮೇಲೆ ಕೂರಿಸಿದರು. ಒಮ್ಮೆ ಕಪ್ಪು ಹಕ್ಕಿ, ಒಮ್ಮೆ ಕೆಂಪು ಹೊಟ್ಟೆಯದ್ದು. ತನ್ನ ಜಾಗಕ್ಕೆ ತನ್ನ ಬಣ್ಣದ ಹಕ್ಕಿ ಬಂದರೆ ಅಲ್ಲಿನ ಗಂಡು ಜೋರಾಗಿ ಮೇಲೆರಗುತ್ತಿತ್ತು. ಬೇರೆ ಬಣ್ಣದ್ದಾದರೆ ಅಷ್ಟು ಸಿಟ್ಟು ಇಲ್ಲ. ಅಂದರೆ ಅದನ್ನು ಎದುರಾಳಿ ಅಂತಲೇ ಎಣಿಸುತ್ತಿಲ್ಲ.

ಜೀನ್ ಹುಡುಕಿದಾಗ, ಎಂಸಿ1ಆರ್ ಅನ್ನುವ ಬಣ್ಣದ ಜೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ ಸಿಕ್ಕಿತು. ಅದು 2009ರಲ್ಲಿ ಪ್ರಕಟವಾಯ್ತು. ಅಷ್ಟು ಸಣ್ಣ ಬದಲಾವಣೆ, ಇಷ್ಟು ದೊಡ್ಡ ಬೇಲಿ.

ಕಥೆ ಇನ್ನೂ ಇದೆ. ಮಕೀರಾದ ಇನ್ನೊಂದು ಪಕ್ಕದಲ್ಲಿ ಊಗಿ ದ್ವೀಪ. ಅಲ್ಲೂ ಪೂರ್ತಿ ಕಪ್ಪು ಹಕ್ಕಿ. ಇದೂ ಅದೇ ಜೀನ್ ಇರಬೇಕು ಅಂದುಕೊಂಡರೆ ಅಲ್ಲ! ಊಗಿಯಲ್ಲಿ ಕಪ್ಪಾದದ್ದು ಎಎಸ್‌ಐಪಿ ಅನ್ನುವ ಬೇರೆಯೇ ಜೀನಿನಿಂದ. ಎರಡು ಪುಟ್ಟ ಗುಂಪುಗಳು, ಒಂದಕ್ಕೊಂದು ಸಂಬಂಧ ಇಲ್ಲದೆ, ಬೇರೆ ಬೇರೆ ದಾರಿಯಿಂದ ಒಂದೇ ಬಣ್ಣ ಸೇರಿವೆ. ಬರೀ ಆಕಸ್ಮಿಕ ಆಗಿದ್ದರೆ ಎರಡು ಕಡೆಯೂ ಕಪ್ಪೇ ಯಾಕೆ? ಆ ಪುಟ್ಟ ದ್ವೀಪಗಳಲ್ಲಿ ಕಪ್ಪಿಗೆ ಏನೋ ಅನುಕೂಲ ಇದೆ ಅಂತಲೇ ನನ್ನ ನಂಬಿಕೆ.

ದುರ್ಬೀನು

ಎಲ್ಲ ಚೆನ್ನಾಗಿದೆ. ಆದರೆ ಸಂಗಾತಿ ಆಯ್ಕೆಗೆ ಸ್ವಲ್ಪ ಜಾಸ್ತಿಯೇ ಹೊಗಳಿಕೆ ಸಿಗುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಗಂಡು ಹೆಣ್ಣಿನ ಬಣ್ಣ ಬೇರೆ ಇರುವ ವಂಶಗಳಲ್ಲಿ ಪ್ರಭೇದಗಳ ಸಂಖ್ಯೆ ಜಾಸ್ತಿ ಅಂತ 1995ರಲ್ಲಿ ಒಂದು ಅಧ್ಯಯನ ಹೇಳಿತು. 2014ರಲ್ಲಿ ಹುವಾಂಗ್ ಮತ್ತು ರಬೋಸ್ಕಿ ಇನ್ನೂ ದೊಡ್ಡ ವಂಶವೃಕ್ಷ ಇಟ್ಟುಕೊಂಡು ನೋಡಿದಾಗ ಅಂಥ ಸಂಬಂಧ ಸಿಗಲಿಲ್ಲ.

ಬಾತುಕೋಳಿಗಳನ್ನು ನೋಡಿ. ಮಲ್ಲಾರ್ಡ್ ಗಂಡಿಗೆ ಹೊಳೆಯುವ ಹಸಿರು ತಲೆ. ಅದರ ಹತ್ತಿರದ ನೆಂಟ ಹವಾಯಿಯ ಬಾತು, ಗಂಡೂ ಮಂಕು ಕಂದು. ದ್ವೀಪದಲ್ಲಿ ಹತ್ತಿರದ ನೆಂಟರು ಬೇರೆ ಯಾರೂ ಇಲ್ಲದಿದ್ದಾಗ ನಾನು ಇಂಥವನು ಅಂತ ಸಾರುವ ಅಗತ್ಯವೂ ಕಡಿಮೆ. ಆಮೇಲೆ ಮನುಷ್ಯ ಮಲ್ಲಾರ್ಡನ್ನು ಹವಾಯಿಗೂ ನ್ಯೂಜಿಲೆಂಡಿಗೂ ತಂದುಬಿಟ್ಟ. ಎರಡೂ ಕಡೆ ಸ್ಥಳೀಯ ಬಾತುಗಳು ಅದರ ಜೊತೆ ಬೆರೆತು, ತಮ್ಮತನವನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿವೆ. ಅಷ್ಟು ಬೇರೆ ಕಂಡರೂ ಬೆರೆತವು. ಅಲ್ಲಿ ಅವನ್ನು ಕಾಯುತ್ತಿದ್ದದ್ದು ಸಮುದ್ರ, ಆಯ್ಕೆ ಅಲ್ಲ. ಇದನ್ನು ಓದಿದಾಗೆಲ್ಲ ನನಗೆ ನಿಜವಾಗಿ ಬೇಸರವಾಗುತ್ತದೆ.

ಮುಂಜಾವು

ದುರ್ಬೀನು ಸರ್, ಬಾತುಕೋಳಿ ಉದಾಹರಣೆ ಒಪ್ಪುತ್ತೇನೆ. ಆದರೆ ಅದಕ್ಕೆ ವಿರುದ್ಧದ್ದೂ ಇದೆ. ಅರ್ಜೆಂಟಿನಾದ ಇಬೆರಾ ಜೌಗುಪ್ರದೇಶದಲ್ಲಿ ಎರಡು ಬೀಜ ತಿನ್ನುವ ಹಕ್ಕಿ ಪ್ರಭೇದಗಳಿವೆ. ಒಂದೇ ಹುಲ್ಲುಗಾವಲು, ಒಂದೇ ಮೇವು, ಗೂಡು ಕಟ್ಟುವುದೂ ಒಂದೇ ಕಾಲಕ್ಕೆ, ಅಕ್ಕಪಕ್ಕದಲ್ಲೇ. ಹೆಣ್ಣುಗಳನ್ನು ನೋಡಿದರೆ ಯಾವುದು ಯಾವುದು ಅಂತ ಹೇಳುವುದೇ ಕಷ್ಟ. ಗಂಡುಗಳ ಬಣ್ಣ, ಹಾಡು ಬೇರೆ. 2021ರ ಅಧ್ಯಯನದಲ್ಲಿ ಇಡೀ ಜೀನೋಮ್, ಅಂದರೆ ಹಕ್ಕಿಯ ಪೂರ್ತಿ ಡಿಎನ್‌ಎ, ಹೋಲಿಸಿದರು. ಬೇರೆ ಇದ್ದದ್ದು ಮೂರೇ ಸಣ್ಣ ಜಾಗ, ಒಟ್ಟು 12 ಜೀನ್. ಅದರಲ್ಲಿ ಮೂರು ಗರಿಯ ಬಣ್ಣಕ್ಕೆ ಸಂಬಂಧಿಸಿದವು. ಆದರೂ ಹೆಣ್ಣುಗಳು ತಮ್ಮ ಕಡೆಯ ಗಂಡನ್ನೇ ಆರಿಸುತ್ತವೆ. ಇಲ್ಲಿ ಸಮುದ್ರ ಇಲ್ಲ, ಬೆಟ್ಟ ಇಲ್ಲ. ಈಗ ಇವನ್ನು ಬೇರೆ ಇಟ್ಟಿರುವುದು ಆಯ್ಕೆಯೇ.

ಇನ್ನೊಂದು ಮಾತು, ಇದು ಎಲ್ಲರಿಗೂ. ನಾವು ಹಾಡು ಹಾಕಿ ನೋಡುವುದು ಗಂಡಿನ ಸಿಟ್ಟನ್ನು. ತೀರ್ಮಾನ ಮಾಡುವವಳು ಹೆಣ್ಣು. ಪೊದೆಯೊಳಗೆ ಸದ್ದಿಲ್ಲದೆ ಕೂತು ಕೇಳಿ, ಹಾರಿಹೋಗುತ್ತಾಳೆ. ಅವಳನ್ನು ಅಳೆಯುವುದು ಕಷ್ಟ ಅಂತ ಅಧ್ಯಯನಗಳಲ್ಲೂ ಗಂಡನ್ನೇ ಜಾಸ್ತಿ ಅಳೆದಿದ್ದಾರೆ. ಹೆಣ್ಣು ಹಾಡುವುದೇ ಇಲ್ಲ ಅಂತಲೂ ಬಹಳ ಕಾಲ ಅಂದುಕೊಂಡಿದ್ದೆವು. 2014ರಲ್ಲಿ ಪ್ರಪಂಚದ ಹಾಡುಹಕ್ಕಿಗಳ ಮಾಹಿತಿ ಒಟ್ಟು ಹಾಕಿದಾಗ, ಮಾಹಿತಿ ಸಿಕ್ಕ ಪ್ರಭೇದಗಳಲ್ಲಿ 71% ಪ್ರಭೇದಗಳ ಹೆಣ್ಣೂ ಹಾಡುತ್ತದೆ ಅಂತ ಗೊತ್ತಾಯ್ತು. ಎಲೆಮರೆ ಅವರು ನೋಡಿದ ಆ ಬೆಳಿಗ್ಗೆ ಹೆಣ್ಣು ಎಲ್ಲಿತ್ತು, ಏನು ಮಾಡುತ್ತಿತ್ತು ಅಂತ ನನಗೆ ತಿಳಿಯುವ ಆಸೆ.

ಗರಿಪೆಟ್ಟಿಗೆ

ಇಬ್ಬರೂ ಹೇಳಿದ್ದು ಸರಿ, ಯಾಕೆಂದರೆ ನಿಜವಾದ ಪರೀಕ್ಷೆ ನಡೆಯುವುದು ದೂರವಾದವರು ಮತ್ತೆ ಸಿಕ್ಕಾಗ. ಆಗ ಆಯ್ಕೆ ಬೇಲಿಯೂ ಆಗಬಹುದು, ಬಾಗಿಲೂ ಆಗಬಹುದು.

ಬೇಲಿ ಆದದ್ದಕ್ಕೆ ಯುರೋಪಿನ ಎರಡು ನೊಣಹಿಡುಕಗಳು, ಪೈಡ್ ಮತ್ತು ಕಾಲರ್ಡ್. ಪೈಡ್ ಒಂದೇ ಇರುವ ಕಡೆ ಗಂಡು ಕಪ್ಪು ಬಿಳುಪು. ಕಾಲರ್ಡ್ ಗಂಡು ಎಲ್ಲ ಕಡೆ ಕಪ್ಪು ಬಿಳುಪೇ. ಎರಡೂ ಒಟ್ಟಿಗಿರುವ ಮಧ್ಯ ಯುರೋಪಿನಲ್ಲಿ ಪೈಡ್ ಗಂಡು ಮಂಕು ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಿನ ಪೈಡ್ ಹೆಣ್ಣುಗಳು ಆ ಕಂದು ಗಂಡನ್ನೇ ಇಷ್ಟಪಡುತ್ತವೆ ಅಂತ ಸೆಟ್ರೆ ಮತ್ತು ಜೊತೆಯವರು 1997ರಲ್ಲಿ ತೋರಿಸಿದರು. ಕಾರಣ ಇದೆ. ಗುರುತು ತಪ್ಪಿ ಜೋಡಿಯಾದರೆ ಹುಟ್ಟುವ ಬೆರಕೆ ಹೆಣ್ಣುಮರಿಗಳು ಬಂಜೆ. ಎದ್ದು ಕಾಣುವುದಕ್ಕಿಂತ ತಪ್ಪಾಗದೆ ಇರುವುದೇ ಅಲ್ಲಿ ದೊಡ್ಡದಾಯ್ತು.

ಬಾಗಿಲಾದದ್ದಕ್ಕೆ ಪನಾಮಾದ ಮನಾಕಿನ್. ಗಂಡು ಕಾಡಿನ ನೆಲದಲ್ಲಿ ಒಂದು ಸಣ್ಣ ಜಾಗದ ಎಲೆಯನ್ನೆಲ್ಲ ಎತ್ತಿಹಾಕಿ, ನೆಲ ಚೊಕ್ಕ ಮಾಡಿ, ಸುತ್ತಲಿನ ಸಣ್ಣ ಗಿಡಗಳ ನಡುವೆ ಪಟಪಟ ರೆಕ್ಕೆ ಸಿಡಿಸುತ್ತ ಕುಪ್ಪಳಿಸುತ್ತದೆ. ಒಂದು ಪ್ರಭೇದಕ್ಕೆ ಬಿಳಿ ಕೊರಳು, ಇನ್ನೊಂದಕ್ಕೆ ಹಳದಿ. ಎರಡೂ ಸೇರುವ ಕಡೆ ಹೆಣ್ಣುಗಳಿಗೆ ಹಳದಿಯೇ ಇಷ್ಟ. ಹಾಗಾಗಿ ಹಳದಿ ಬಣ್ಣ ಮಾತ್ರ ಗಡಿ ದಾಟಿ ಬಿಳಿ ಕೊರಳಿನ ಕಡೆಗೆ ಬಹುದೂರ ಹೋಗಿಬಿಟ್ಟಿದೆ. ಮೈಯೊಳಗಿನ ಉಳಿದ ಜೀನ್‌ಗಳು ಹಿಂದಿನ ಗಡಿಯಲ್ಲೇ ಇವೆ. ಅಲ್ಲಿ ಹಳದಿ ಕೊರಳಿನ ಹಕ್ಕಿ ಹಿಡಿದು ರಕ್ತ ನೋಡಿದರೆ ಅದು ಬಿಳಿ ಕೊರಳಿನವರ ಮನೆಯದ್ದು. ಅದೇ ಸಂಗಾತಿ ಆಯ್ಕೆ ಇಲ್ಲಿ ಬೇರೆ ಮಾಡುವ ಬದಲು ಬೆರೆಸಿತು.

ಚಳಿಗಾಲದಲ್ಲಿ ಎಲೆಗಳ ಮರೆಯಲ್ಲಿ ಓಡಾಡುವ ಹಸಿರು ಉಲಿಯಕ್ಕಿಯನ್ನು ಇಲ್ಲಿ ಹಲವರು ನೋಡಿರುತ್ತೀರಿ. ಅದರ ಸಂತಾನದ ನೆಲೆ ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದ ಹಾಗೆ ಹಬ್ಬಿದೆ. ಹಿಮಾಲಯದಲ್ಲಿ ಹಾಡು ಸರಳ, ಚಿಕ್ಕದು. ಪಶ್ಚಿಮದ ದಾರಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಹಾಡು ಉದ್ದವಾಗುತ್ತ ಹೋಗುತ್ತದೆ, ಪೂರ್ವದ ದಾರಿಯಲ್ಲೂ ಹಾಗೇ. ಆದರೆ ಉದ್ದವಾಗುವ ರೀತಿ ಬೇರೆ. ಸೈಬೀರಿಯಾದಲ್ಲಿ ಎರಡು ತುದಿ ಸೇರುವಾಗ ಒಂದರ ಹಾಡು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ, ಜೋಡಿಯೂ ಆಗುವುದಿಲ್ಲ. ಡ್ಯಾರನ್ ಇರ್ವಿನ್ 2001ರಲ್ಲಿ ಇದನ್ನು ತೋರಿಸಿದರು. ಆಮೇಲೆ 2014ರಲ್ಲಿ ಅವರ ತಂಡವೇ ಜೀನೋಮ್ ನೋಡಿ, ಉಂಗುರ ಎಲ್ಲ ಕಾಲಕ್ಕೂ ಕೂಡಿಕೊಂಡಿರಲಿಲ್ಲ, ನಡುನಡುವೆ ಕಡಿದಿತ್ತು ಅಂತ ತಿದ್ದಿಕೊಂಡಿತು. ತಮ್ಮ ಮಾತನ್ನು ತಾವೇ ತಿದ್ದಿಕೊಂಡರಲ್ಲ, ಅದು ನನಗೆ ತುಂಬಾ ಇಷ್ಟವಾಯ್ತು.

ಹೊಸಕಲಿಕೆ

ಹಾಗಾದರೆ ಬೇರ್ಪಡಿಕೆಗೆ ಸಾವಿರಾರು ವರ್ಷವೇ ಬೇಕು ಅಂತಿಲ್ಲವಾ? ನಮ್ಮ ಕಣ್ಣೆದುರೇ ಆದದ್ದು ಯಾವುದಾದರೂ ಇದೆಯಾ?

ಬಯಾಲಜಿ ಮೇಷ್ಟ್ರು

ಇದೆ. ಗಲಾಪಗೋಸಿನ ಡ್ಯಾಫ್ನೆ ಮೇಜರ್ ಅನ್ನುವ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಪ್ರತಿ ಫಿಂಚ್ ಹಕ್ಕಿಗೂ ಕಾಲುಂಗುರ ಹಾಕಿ ಲೆಕ್ಕ ಇಡುತ್ತಿದ್ದರು. 1981ರಲ್ಲಿ ಅಲ್ಲಿಗೆ ಒಂದು ಅಪರಿಚಿತ ಗಂಡು ಬಂತು. ದೊಡ್ಡ ಮೈ, ದೊಡ್ಡ ಕೊಕ್ಕು, ಯಾರೂ ಕೇಳಿರದ ಹಾಡು. 100 ಕಿ.ಮೀ.ಗೂ ದೂರದ ಎಸ್ಪಾನ್ಯೋಲಾ ದ್ವೀಪದಿಂದ ಬಂದದ್ದು ಅಂತ ಆಮೇಲೆ ಜೀನ್ ಪರೀಕ್ಷೆಯಿಂದ ಗೊತ್ತಾಯ್ತು. ಅದು ಅಲ್ಲಿನ ಬೇರೆ ಪ್ರಭೇದದ ಹೆಣ್ಣನ್ನು ಸೇರಿತು. ಗಂಡುಮರಿಗಳು ಅಪ್ಪನ ಹಾಡನ್ನೇ ಕಲಿತವು. ಹಾಡೂ ಕೊಕ್ಕೂ ಬೇರೆಯಾದದ್ದರಿಂದ ಸ್ಥಳೀಯ ಹೆಣ್ಣುಗಳ ಜೊತೆ ಜೋಡಿ ಕೂಡಲಿಲ್ಲ. ಮುಂದೆ ತಮ್ಮ ತಮ್ಮಲ್ಲೇ ಕೂಡಿಕೊಂಡವು. ಒಂದು ಬರಗಾಲದಲ್ಲಿ ಆ ವಂಶದಲ್ಲಿ ಉಳಿದದ್ದು ಅಣ್ಣ ತಂಗಿ ಎರಡೇ ಹಕ್ಕಿ. ಅಲ್ಲಿಂದ ಮತ್ತೆ ಚಿಗುರಿತು. ಒಂದೇ ದ್ವೀಪದಲ್ಲಿ, ಮಿಕ್ಕ ಫಿಂಚ್‌ಗಳ ನಡುವೆಯೇ ಇದ್ದು ಬೇರೆಯಾಗಿ ಉಳಿಯಿತು.

ಕೊಕ್ಕಿಗೂ ಹಾಡಿಗೂ ನಂಟಿದೆ, ಅದನ್ನು ಮರೆಯಬಾರದು. ಜೆಫ್ರಿ ಪೋಡೋಸ್ 2001ರಲ್ಲಿ ತೋರಿಸಿದ ಹಾಗೆ ದಪ್ಪ ಕೊಕ್ಕಿನ ಫಿಂಚ್ ಸರಸರ ಹಾಡಲಾರದು. ಗಟ್ಟಿ ಬೀಜ ಒಡೆಯಲು ಕೊಕ್ಕು ದಪ್ಪವಾದರೆ ಹಾಡು ತಾನಾಗಿ ನಿಧಾನವಾಗುತ್ತದೆ. ಆಹಾರದಿಂದಾದ ಬದಲಾವಣೆ ಹೀಗೆ ಸಂಗಾತಿ ಆಯ್ಕೆಗೆ ಹೋಗಿ ತಟ್ಟುತ್ತದೆ.

ಕಡಲಹಾದಿ

ಬೆಟ್ಟಸಾಲಿನ ಹಕ್ಕಿ ಅಂದದ್ದಕ್ಕೆ ಪಶ್ಚಿಮ ಘಟ್ಟದ ಶೋಲಾ ಕಾಡಿನದ್ದೂ ಹೇಳಬೇಕು. ಎತ್ತರದ ಬೆಟ್ಟದ ತುದಿಗಳಲ್ಲಿ ಮಾತ್ರ ಇರುವ ಈ ಕಾಡುಗಳನ್ನು ಆಕಾಶ ದ್ವೀಪ ಅನ್ನುತ್ತಾರೆ. ಕೆಳಗಿನ ಬಿಸಿ ಕಣಿವೆಗೆ ಅಲ್ಲಿನ ಹಕ್ಕಿ ಇಳಿಯುವುದಿಲ್ಲ. ಪಾಲಕ್ಕಾಡ್ ಕಣಿವೆಯ ಈಚೆ ನೀಲಗಿರಿಯಲ್ಲಿ ಒಂದು ನೀಲಿ ಶೋಲಾ ಹಕ್ಕಿ, ಆಚೆ ಆನಮಲೆ, ಪಳನಿಯಲ್ಲಿ ಇನ್ನೊಂದು, ಶೆಂಕೋಟೆ ಕಣಿವೆ ದಾಟಿದರೆ ಮತ್ತೊಂದು. ವಿ. ವಿ. ರಾಬಿನ್ ಮತ್ತು ಜೊತೆಯವರು 2017ರಲ್ಲಿ ಇವಕ್ಕೆ ಶೋಲಿಕೋಲಾ ಅಂತ ಹೊಸ ಕುಲವನ್ನೇ ಹೆಸರಿಸಿದರು.

ಅದಕ್ಕೂ ಮುಂಚೆ, 2016ರಲ್ಲಿ, ಇವುಗಳ ಹಾಡನ್ನು ಹೋಲಿಸಿದ್ದರು. ಹಳೆಯ ಕಣಿವೆ ಬೇರೆ ಮಾಡಿದ ಗುಂಪುಗಳಲ್ಲೂ ಹಾಡು ಬೇರೆಯಾಗಿದೆ. ಈಚೆಗೆ ಮನುಷ್ಯ ಕಾಡು ಕಡಿದು ಬೇರೆ ಮಾಡಿದ ಗುಂಪುಗಳಲ್ಲೂ ಬೇರೆಯಾಗಿದೆ. ಆದರೆ ಹಾಡಿನಲ್ಲಿ ಬದಲಾದ ಗುಣಗಳು ಎರಡು ಕಡೆ ಒಂದೇ ಅಲ್ಲ. ನಾವು ಕಡಿದ ಗೆರೆಯೂ ಆಗಲೇ ಹಕ್ಕಿಯ ಗಂಟಲಿಗೆ ಇಳಿದಿದೆ ಅಂದರೆ ಎದೆ ಒಮ್ಮೆ ಝಲ್ ಅನ್ನುತ್ತದೆ.

ಎಲೆಮರೆ

ಇಷ್ಟು ಜನ ಇಷ್ಟು ವಿವರವಾಗಿ ಬರೆದಿರಿ, ತುಂಬಾ ಧನ್ಯವಾದ. ನನ್ನ ಹಕ್ಕಿ ಬೇರೆ ಪ್ರಭೇದವಾ ಅಂತ ಒಂದೇ ಹಾಡಿನಿಂದ ಹೇಳಲಾಗದು, ಅದು ಗೊತ್ತಾಯ್ತು.

ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ಫೋನಿನಿಂದ ಏನೂ ಹಾಕಲಿಲ್ಲ, ಬರೀ ರೆಕಾರ್ಡ್ ಒತ್ತಿ ಮರಕ್ಕೆ ಒರಗಿ ಕೂತೆ. ಅದೇ ಗಂಡು, ಅದೇ ಕೊಂಬೆ. ಮುಂಜಾವು ಮೇಡಂ ಹೇಳಿದ್ದು ನೆನಪಿತ್ತು, ಹಾಗಾಗಿ ಈ ಸಲ ಕೆಳಗಿನ ಪೊದೆಯನ್ನೇ ನೋಡುತ್ತಿದ್ದೆ. ಸುಮಾರು ಅರ್ಧ ಗಂಟೆಗೆ ಎಲೆ ಅಲುಗಿತು. ಮಂಕು ಬಣ್ಣದ ಹೆಣ್ಣು. ಕೊಕ್ಕಿನಲ್ಲಿ ಒಂದು ಒಣ ಬೇರಿನ ಎಳೆ. ಮೇಲಿನ ಹಾಡು ನಿಂತಾಗ ಅವಳೂ ನಿಂತಳು, ತಲೆ ಓರೆ ಮಾಡಿ. ಮತ್ತೆ ಹಾಡು ಶುರುವಾದ ಮೇಲೆ ಪೊದೆಯೊಳಗೆ ಹೋದಳು. ರೆಕಾರ್ಡಿಂಗಿನಲ್ಲಿ ಅವಳ ಒಂದು ಸಣ್ಣ ಚಿಟ್ ದನಿಯೂ ಸಿಕ್ಕಿದೆ. ಸಂಜೆ ಇಲ್ಲಿ ಹಾಕುತ್ತೇನೆ, ಕೇಳಿ ಹೇಳಿ.